ನಕಲಾದ ಕೋಡಿಗೆ ಯಾರ ಹೆಸರು?

ಕಡತದ ಗಾತ್ರವನ್ನು ಬೈಟ್‌ಗಳ ಉದ್ದನೆಯ ಸಂಖ್ಯೆಯಾಗಿ ತೋರಿಸಿದರೆ ಯಾರಿಗೂ ಅರ್ಥವಾಗುವುದಿಲ್ಲ. ಅದನ್ನು ‘1.5 ಎಂಬಿ’ ಎಂದು ಓದುವಂತೆ ಮಾಡುವುದು ಹೇಗೆ? 2010ರಲ್ಲಿ, ಪ್ರೋಗ್ರಾಮರ್‌ಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವ ಸ್ಟ್ಯಾಕ್ ಓವರ್‌ಫ್ಲೋ ತಾಣದಲ್ಲಿ ಬಂದ ಈ ಪ್ರಶ್ನೆಗೆ ಆಂಡ್ರಿಯಾಸ್ ಲುಂಡ್‌ಬ್ಲಾಡ್ ಎಂಬ ಪ್ರೋಗ್ರಾಮರ್ ಜಾವಾ ಭಾಷೆಯಲ್ಲಿ ಕೆಲವೇ ಸಾಲುಗಳ ಉತ್ತರ ಬರೆದರು. ಮತ್ತೆ ಮತ್ತೆ ಭಾಗಿಸುತ್ತ ಹೋಗುವ ಬದಲು ಲಾಗರಿದಮ್ ಬಳಸಿದ ಚೊಕ್ಕ ಉತ್ತರವದು. ಕಂಡವರೆಲ್ಲ ಮೆಚ್ಚಿದರು, ಮೆಚ್ಚಿದವರು ಎತ್ತಿಕೊಂಡು ಹೋದರು.

2018ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ಬಾಲ್ಟೆಸ್ ಮತ್ತು ಸ್ಟೆಫಾನ್ ಡೀಲ್ ಒಂದು ಅಧ್ಯಯನ ಪ್ರಕಟಿಸಿದರು. ಸ್ಟ್ಯಾಕ್ ಓವರ್‌ಫ್ಲೋದ ಜಾವಾ ತುಣುಕುಗಳು ಪ್ರೋಗ್ರಾಮರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ತಾಣದ ಯೋಜನೆಗಳಲ್ಲಿ ಎಲ್ಲೆಲ್ಲಿ ಸೇರಿಕೊಂಡಿವೆ ಎಂದು ಅವರು ಹುಡುಕಿದ್ದರು. ಅತಿ ಹೆಚ್ಚು ನಕಲಾದ ತುಣುಕುಗಳ ಪಟ್ಟಿಯ ತಲೆಯಲ್ಲಿ ಲುಂಡ್‌ಬ್ಲಾಡ್ ಅವರ ಸಾಲುಗಳಿದ್ದವು. ಬರೆದ ವರ್ಷಗಳ ನಂತರ ಆ ಸಾಲುಗಳನ್ನು ತಿರುಗಿ ಓದಿದ ಲುಂಡ್‌ಬ್ಲಾಡ್ ಅವರಿಗೆ ತಮ್ಮದೇ ತಪ್ಪು ಕಣ್ಣಿಗೆ ಬಿತ್ತು. 9,99,999 ಬೈಟ್‌ಗಳನ್ನು ಕೊಟ್ಟರೆ ಅದು ‘1.0 ಎಂಬಿ’ ಎನ್ನಬೇಕಿತ್ತು, ‘1000.0 ಕೆಬಿ’ ಎನ್ನುತ್ತಿತ್ತು. 2019ರಲ್ಲಿ ಅವರು ಉತ್ತರವನ್ನು ತಿದ್ದಿದರು, ತಪ್ಪನ್ನು ಒಪ್ಪಿಕೊಂಡು ವಿವರವಾಗಿ ಬರೆದರು.

ಆದರೆ ಆ ತಿದ್ದುಪಡಿ ನಕಲುಗಳಿಗೆ ತಲುಪುವ ದಾರಿ ಯಾವುದು? ಕೋಡ್‌ನ ಮೇಲೆ ಮೂಲದ ಕೊಂಡಿ ಇದ್ದರೆ ಯಾರೋ ಒಬ್ಬರು ಹಿಂದಿರುಗಿ ನೋಡಿಯಾರು. ಹೆಸರನ್ನು ಒರೆಸಿ ತಂದ ಸಾಲಿಗೆ ತವರೇ ಇಲ್ಲ. ಶ್ರೇಯ ಕೊಡುವುದನ್ನು ಬರೀ ಮರ್ಯಾದೆಯ ಮಾತೆಂದು ತಿಳಿದವರಿಗೆ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ.

ಅದೇ ಅಧ್ಯಯನದ ಅಂಕಿಗಳು ಇನ್ನೂ ಕಳವಳ ಹುಟ್ಟಿಸುತ್ತವೆ. ನಕಲಾದ ತುಣುಕುಗಳಲ್ಲಿ ಹೆಚ್ಚೆಂದರೆ ಕಾಲು ಭಾಗಕ್ಕೆ ಸರಿಯಾಗಿ ಶ್ರೇಯ ಸಂದಿತ್ತು. ಅಂಥ ಕೋಡ್ ಇದ್ದ ಯೋಜನೆಗಳ ಪೈಕಿ ಅದನ್ನು ಸ್ಟ್ಯಾಕ್ ಓವರ್‌ಫ್ಲೋದ ಪರವಾನಗಿಗೆ, ಅಂದರೆ ಬಳಕೆಯ ಷರತ್ತುಗಳಿಗೆ, ಹೊಂದುವಂತೆ ಬಳಸಿದವು ಹೆಚ್ಚೆಂದರೆ ಶೇ 1.8. ವಿಚಾರಿಸಿದ ಪ್ರೋಗ್ರಾಮರ್‌ಗಳಲ್ಲಿ ಸುಮಾರು ಮೂರನೇ ಎರಡು ಭಾಗದವರಿಗೆ ಈ ಪರವಾನಗಿಯ ಅರಿವೇ ಇರಲಿಲ್ಲ. ಹಾಗಾಗಿ ಇದನ್ನು ಕಳ್ಳತನ ಎನ್ನಲು ನನಗೆ ಮನಸ್ಸಿಲ್ಲ. ತಿಳಿಸಿಕೊಡುವವರು ಇರಲಿಲ್ಲ ಎನ್ನುವುದೇ ನಿಜಕ್ಕೆ ಹತ್ತಿರ.

ಕಥೆ ಶುರುವಾದದ್ದು 2008ರಲ್ಲಿ. ಆಗ ಪ್ರೋಗ್ರಾಮರ್‌ಗಳ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು ಹಣ ಕೊಟ್ಟವರಿಗೆ ಮಾತ್ರ ತೋರಿಸುವ ತಾಣಗಳಿದ್ದವು. ಜೆಫ್ ಅಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಅದಕ್ಕೆ ಎದುರಾಗಿ ಸ್ಟ್ಯಾಕ್ ಓವರ್‌ಫ್ಲೋ ಕಟ್ಟಿದರು. ಅಲ್ಲಿ ಬರೆದದ್ದೆಲ್ಲ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ರೂಪಿಸಿದ ‘ಬಿವೈ-ಎಸ್‌ಎ’ ಪರವಾನಗಿಗೆ ಸೇರಿತು. ಯಾರು ಬೇಕಾದರೂ ಬಳಸಬಹುದು, ಮಾರಬಹುದು ಕೂಡ. ಆದರೆ ಬರೆದವರ ಹೆಸರು ಹೇಳಬೇಕು, ಬದಲಿಸಿ ಹಂಚಿದರೆ ಅದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ಕನ್ನಡ ವಿಕಿಪೀಡಿಯದ ಲೇಖನಗಳು ಇರುವುದೂ ಇದೇ ಪರವಾನಗಿಯಲ್ಲಿ. 2009ರಲ್ಲಿ ಅಟ್‌ವುಡ್ ನಿಯಮವನ್ನು ಬಿಡಿಸಿ ಹೇಳಿದರು: ಮೂಲ ಯಾವುದೆಂದು ಕಾಣುವಂತೆ ಬರೆಯಿರಿ, ಪ್ರಶ್ನೆಗೆ ಕೊಂಡಿ ಕೊಡಿ, ಬರೆದವರ ಹೆಸರು ಹಾಕಿ, ಆ ಹೆಸರಿಗೂ ಕೊಂಡಿ ಕೊಡಿ.

ತೊಡಕು ಇರುವುದು ಇಲ್ಲಿಯೇ. ಈ ಪರವಾನಗಿ ರೂಪುಗೊಂಡದ್ದು ಬರಹ, ಚಿತ್ರ, ಸಂಗೀತಗಳಿಗಾಗಿ. ತಂತ್ರಾಂಶಕ್ಕೆ ಇದನ್ನು ಬಳಸಬೇಡಿ ಎಂದು ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಸಲಹೆ ಕೊಡುತ್ತದೆ. ಹತ್ತು ಸಾಲು ತಂದು ಕಂಪನಿಯ ಸಾವಿರಾರು ಸಾಲುಗಳ ನಡುವೆ ಸೇರಿಸಿದರೆ, ‘ಅದೇ ಪರವಾನಗಿಯಲ್ಲಿ ಹಂಚಬೇಕು’ ಎಂಬ ಷರತ್ತು ಎಲ್ಲಿಯವರೆಗೆ ಚಾಚುತ್ತದೆ? ವಕೀಲರು ಇದಕ್ಕೆ ಒಂದೇ ಬಾಯಿಂದ ಉತ್ತರಿಸುವುದಿಲ್ಲ.

ಷರತ್ತು ಮುರಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಅದೇ 2008ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಸ್ಪಷ್ಟವಾದ ಉತ್ತರ ಕೊಟ್ಟಿತ್ತು. ಬರ್ಕ್ಲಿಯ ಭೌತವಿಜ್ಞಾನಿ ರಾಬರ್ಟ್ ಜೇಕಬ್ಸನ್ ಆಟದ ರೈಲುಗಳನ್ನು ನಡೆಸುವ ಮುಕ್ತ ತಂತ್ರಾಂಶ ಬರೆಯುವ ಬಳಗದಲ್ಲಿದ್ದರು. ಮ್ಯಾಥ್ಯೂ ಕಾಟ್ಜರ್ ಅವರ ಕಂಪನಿ ಅದರ ಕಡತಗಳನ್ನು, ಬರೆದವರ ಹೆಸರನ್ನೂ ಹಕ್ಕುಸ್ವಾಮ್ಯದ ಸೂಚನೆಯನ್ನೂ ಬಿಟ್ಟು, ತನ್ನ ಉತ್ಪನ್ನದಲ್ಲಿ ಬಳಸಿತು. ಪುಕ್ಕಟೆ ಕೊಟ್ಟದ್ದಕ್ಕೆ ನಷ್ಟವೇನು ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಹೆಸರು ಉಳಿಸುವುದು ಬಳಕೆಯ ಷರತ್ತು, ಅದನ್ನು ಮೀರಿದರೆ ಹಕ್ಕುಸ್ವಾಮ್ಯದ ಉಲ್ಲಂಘನೆಯಾಗಬಹುದು ಎಂದಿತು ನ್ಯಾಯಾಲಯ. 2010ರಲ್ಲಿ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ನಮ್ಮ ದೇಶದ ಕಾನೂನೂ ಇಲ್ಲಿ ಮೂಕವಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಗೆ 1984ರಲ್ಲಿ ಬಂದ ತಿದ್ದುಪಡಿ ಕಂಪ್ಯೂಟರ್ ಪ್ರೋಗ್ರಾಂಗಳನ್ನು ‘ಸಾಹಿತ್ಯ ಕೃತಿ’ಗಳ ಸಾಲಿಗೆ ಸೇರಿಸಿತು. ಕಾಯಿದೆಯ 57ನೇ ಸೆಕ್ಷನ್ ಪ್ರಕಾರ, ಹಕ್ಕುಸ್ವಾಮ್ಯವನ್ನು ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎನ್ನುವ ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತದೆ. ವಚನಕ್ಕೆ ಅಂಕಿತ ಇದ್ದ ಹಾಗೆ ಕೋಡಿಗೂ ಅಂಕಿತವುಂಟು ಎಂಬ ಮಾತನ್ನು ಕಾನೂನು ತನ್ನದೇ ಭಾಷೆಯಲ್ಲಿ ಒಪ್ಪಿದೆ. ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಗ್ರಾಹಕರಿಗೆ ಕೋಡ್ ಬರೆಯುವವರಿಗೆ ಇದು ದೂರದ ಮಾತಲ್ಲ. ಕೊಟ್ಟ ಕೋಡ್ ಬೇರೆಯವರ ಹಕ್ಕನ್ನು ಮುರಿದಿಲ್ಲ ಎಂಬ ಭರವಸೆ ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಗೊಂದಲ ಬಿಡಿಸಲು ಸ್ಟ್ಯಾಕ್ ಓವರ್‌ಫ್ಲೋ ಕಂಪನಿಯೂ ಪ್ರಯತ್ನಿಸಿತು. ಬರಹ ಹಳೆಯ ಪರವಾನಗಿಯಲ್ಲೇ ಇರಲಿ, ಹೊಸ ಕೋಡ್ ಮಾತ್ರ ಸಡಿಲವಾದ ಎಂಐಟಿ ಪರವಾನಗಿಗೆ ಬರಲಿ ಎಂದು 2015ರ ಕೊನೆಯಲ್ಲಿ ಸೂಚಿಸಿತು. ಸದಸ್ಯರಿಂದ ವಿರೋಧ ಬಂತು. 2016ರ ಜನವರಿಯಲ್ಲಿ, ಮೂಲದ ಕೊಂಡಿ ಕಡ್ಡಾಯ ಎಂಬ ಮಾತು ಸೇರಿಸಿ ಪ್ರಸ್ತಾವವನ್ನು ತಿದ್ದಿತು. ಮಾರ್ಚ್ 1ರಿಂದ ಜಾರಿ ಎಂದಿತು. ಆಗಲೂ ಆಕ್ಷೇಪ ನಿಲ್ಲಲಿಲ್ಲ, ಯೋಜನೆ ಮೂಲೆ ಸೇರಿತು. ನನಗೆ ಇದು ಕೈ ಜಾರಿದ ಒಳ್ಳೆಯ ಅವಕಾಶವಾಗಿ ಕಾಣುತ್ತದೆ. ಕೊಂಡಿಯೊಂದನ್ನು ಕೊಟ್ಟರೆ ಸಾಕು ಎಂಬ ಸರಳ ನಿಯಮವನ್ನು ಹೆಚ್ಚು ಜನ ಪಾಲಿಸುತ್ತಿದ್ದರು.

2019ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಬಿರುಗಾಳಿ. ತಾಣದಲ್ಲಿರುವುದೆಲ್ಲ ಇನ್ನು ‘ಬಿವೈ-ಎಸ್‌ಎ’ ಪರವಾನಗಿಯ 4.0 ಆವೃತ್ತಿಯಲ್ಲಿದೆ ಎಂದು ಕಂಪನಿ ಘೋಷಿಸಿತು. ಬರೆದವರನ್ನು ಕೇಳದೆ ಹಳೆಯ ಬರಹದ ಷರತ್ತು ಬದಲಿಸಲು ನೀವು ಯಾರು ಎಂದು ಸದಸ್ಯರು ತಿರುಗಿಬಿದ್ದರು. ಅವರ ಮಾತು ನ್ಯಾಯವಾಗಿಯೇ ಇತ್ತು. 2020ರಲ್ಲಿ ಕಂಪನಿ ದಿನಾಂಕದ ಪ್ರಕಾರ ಗಡಿ ಹಾಕಿತು: 2011ರ ಏಪ್ರಿಲ್ 8ಕ್ಕಿಂತ ಮೊದಲಿನದು 2.5, ಅಲ್ಲಿಂದ 2018ರ ಮೇ 2ಕ್ಕಿಂತ ಮುಂಚಿನವರೆಗೆ 3.0, ನಂತರದ್ದು 4.0. ಈ ಸಂಖ್ಯೆಗಳು ಸುಮ್ಮನೆ ಅಲ್ಲ. 4.0ರಲ್ಲಿ, ತಪ್ಪು ತಿಳಿದ 30 ದಿನಗಳೊಳಗೆ ಸರಿಪಡಿಸಿದರೆ, ಷರತ್ತು ಮುರಿದು ಕಳೆದುಕೊಂಡ ಬಳಕೆಯ ಹಕ್ಕು ಮರಳುತ್ತದೆ. ಆ ಪರವಾನಗಿಯ ಕೋಡನ್ನು ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಮೂರನೇ ಆವೃತ್ತಿಯಲ್ಲಿರುವ ಯೋಜನೆಗೆ ಸೇರಿಸಲು 2015ರಿಂದ ದಾರಿಯೂ ತೆರೆದಿದೆ.

ಈಗ ನಕಲಿನ ರೂಪವೇ ಬದಲಾಗಿದೆ. ಕೃತಕ ಬುದ್ಧಿಮತ್ತೆಯಿಂದ ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಬರೆದವರ ಹೆಸರುಗಳನ್ನು ಕಳಚಿ ಕೋಡ್ ಕೊಡುತ್ತದೆ ಎಂದು 2022ರ ನವೆಂಬರ್‌ನಲ್ಲಿ ಕೆಲವು ಪ್ರೋಗ್ರಾಮರ್‌ಗಳು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. ಹಕ್ಕುಸ್ವಾಮ್ಯದ ವಿವರ ಅಳಿಸಿದ ಆರೋಪವನ್ನು ಕೆಳ ನ್ಯಾಯಾಲಯ 2024ರಲ್ಲಿ ತಳ್ಳಿಹಾಕಿತು, ವಿಷಯ ಮೇಲ್ಮನವಿಗೆ ಹೋಯಿತು. 2024ರ ಮೇ ತಿಂಗಳಲ್ಲಿ ಸ್ಟ್ಯಾಕ್ ಓವರ್‌ಫ್ಲೋ, ಚಾಟ್‌ಜಿಪಿಟಿ ರೂಪಿಸಿದ ಓಪನ್‌ಎಐ ಕಂಪನಿಯ ಜೊತೆ ಒಪ್ಪಂದ ಪ್ರಕಟಿಸಿದಾಗ, ಕೆಲವು ಸದಸ್ಯರು ಸಿಟ್ಟಿನಿಂದ ತಮ್ಮ ಉತ್ತರಗಳನ್ನು ಅಳಿಸಲು ಹೊರಟರು. ಅಳಿಸಿದ್ದನ್ನು ತಾಣ ಮರಳಿ ಹಾಕಿತು, ಕೆಲವರ ಖಾತೆಗಳನ್ನು ತಡೆಹಿಡಿಯಿತು. ಒಮ್ಮೆ ಕೊಟ್ಟ ಪರವಾನಗಿಯನ್ನು ಹಿಂಪಡೆಯಲು ಬರುವುದಿಲ್ಲ. ಆದರೆ ಅವರು ಹಂಚಿದ್ದು ಹೆಸರು ಉಳಿಯುತ್ತದೆ ಎಂಬ ಷರತ್ತಿನ ಮೇಲೆ. ಅವರ ನೋವನ್ನು ಹಟ ಎಂದು ತಳ್ಳಿಹಾಕಲು ನನ್ನಿಂದಾಗದು.

ಲುಂಡ್‌ಬ್ಲಾಡ್ ಅವರ ಸಾಲುಗಳನ್ನು ಇಂದು ಬಳಸುವವರು ಮಾಡಬೇಕಾದದ್ದು ಇಷ್ಟು. ತಿದ್ದಿದ ಉತ್ತರವನ್ನೇ ತೆಗೆದುಕೊಳ್ಳಬೇಕು. ಅದರ ನೆತ್ತಿಯ ಮೇಲೆ ಕಾಮೆಂಟ್ ಆಗಿ ಅವರ ಹೆಸರು, ಉತ್ತರದ ಕೊಂಡಿ, ಪರವಾನಗಿಯ ಹೆಸರು ಮತ್ತು ಆವೃತ್ತಿ ಬರೆಯಬೇಕು. ತಾವು ಏನಾದರೂ ಬದಲಿಸಿದ್ದರೆ ಅದನ್ನೂ ಸೇರಿಸಬೇಕು. ಹಂಚುವ ತಂತ್ರಾಂಶವಾದರೆ ಆ ಪರವಾನಗಿ ತಮ್ಮ ಯೋಜನೆಯದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಹೊಂದದಿದ್ದರೆ ಉತ್ತರದಲ್ಲಿನ ಉಪಾಯವನ್ನು ಮಾತ್ರ ಅರಿತುಕೊಂಡು, ಪುಟ ಮುಚ್ಚಿ, ಸಾಲುಗಳನ್ನು ತಾವೇ ಬರೆಯಬೇಕು.