ಅನೋಮಿ: ಅನಾಮಿಕನೂ ಅಲ್ಲ, ಅರಾಜಕನೂ ಅಲ್ಲ

ಹೋದ ತಿಂಗಳು ಮೈಸೂರಿನ ಒಂದು ಕಾಲೇಜಿನಿಂದ ವಿಚಾರ ಸಂಕಿರಣದ ಆಹ್ವಾನ ಬಂತು. ವಿಷಯ: ‘ಯುವಜನರಲ್ಲಿ ಅನಾಮಿಕತೆ: ದುರ್ಖೈಮ್ ಚಿಂತನೆಯ ಬೆಳಕಿನಲ್ಲಿ’. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ದುರ್ಖೈಮ್ ಬಳಸಿದ ಪದ ‘ಅನೋಮಿ’, ಅಂದರೆ ಸಮಾಜದ ಕಟ್ಟುಪಾಡು ಸಡಿಲಾದ ಸ್ಥಿತಿ. ‘ಅನಾಮಿಕತೆ’ ಅಚ್ಚಿನ ತಪ್ಪಿರಬೇಕು ಅಂದುಕೊಂಡು ಹೋದೆ. ಅಚ್ಚಿನವನದು ಏನೂ ತಪ್ಪಿರಲಿಲ್ಲ. ಮೊದಲ ಭಾಷಣಕಾರರು ಅರ್ಧ ಗಂಟೆ ಫೇಸ್‌ಬುಕ್ಕಿನ ನಕಲಿ ಖಾತೆಗಳ ಬಗ್ಗೆ ಮಾತಾಡಿದರು. ಹೆಸರು ಮರೆಸಿಕೊಂಡವರು ಅಪರಾಧಕ್ಕೆ ಇಳಿಯುತ್ತಾರೆ, ಇದನ್ನು ದುರ್ಖೈಮ್ ಆಗಲೇ ಹೇಳಿದ್ದ ಅಂತ. ದುರ್ಖೈಮ್ ತೀರಿಕೊಂಡದ್ದು 1917ರಲ್ಲಿ. ಪಾಪ.

ಇದೇ ಮೊದಲ ಸಲ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಉತ್ತರ ಪತ್ರಿಕೆಗಳಲ್ಲಿ ‘ಅನಾಮಿ’, ‘ಅನಾಮಿಕ ಸ್ಥಿತಿ’, ಒಮ್ಮೆ ‘ಅನಾಮತ್ತು’ ಕೂಡ ನೋಡಿದ್ದೇನೆ. ಕೊನೆಯದು ಬ್ಯಾಂಕಿನ ಠೇವಣಿಗೆ ಹತ್ತಿರ.

ಪದ ಅನೋಮಿ. ಗ್ರೀಕಿನಲ್ಲಿ ‘ನೊಮೊಸ್’ ಅಂದರೆ ಕಟ್ಟಳೆ, ರೂಢಿ. ಮುಂದೆ ‘ಅ’ ಸೇರಿದರೆ ಕಟ್ಟಳೆ ಇಲ್ಲದ್ದು. ಸಂಸ್ಕೃತದ ‘ಅ’ ಅಧರ್ಮ, ಅನ್ಯಾಯದಲ್ಲಿ ಮಾಡುವ ಕೆಲಸವನ್ನೇ ಈ ‘ಅ’ ಕೂಡ ಮಾಡುತ್ತದೆ. ಎರಡೂ ಒಂದೇ ಬೇರಿನವು. ಎಡವಟ್ಟಿನ ಮೂಲವೂ ಇಲ್ಲೇ ಇದೆ. ‘ಅ’ ನಮ್ಮ ಕಿವಿಗೆ ಪರಿಚಯ, ಹಾಗಾಗಿ ಅದರ ಹಿಂದಿನ ‘ನೋಮಿ’ಯನ್ನೂ ನಮ್ಮ ‘ನಾಮ’ ಅಂದುಕೊಂಡುಬಿಡುತ್ತೇವೆ. ನಾಮಕ್ಕೆ ಗ್ರೀಕಿನಲ್ಲಿ ನೆಂಟ ಇಲ್ಲದೆ ಇಲ್ಲ. ಅವನ ಹೆಸರು ‘ಒನೊಮ’. ಇಂಗ್ಲಿಷಿನ ಅನಾನಿಮಸ್ ಹುಟ್ಟಿದ್ದು ಆ ಮನೆಯಲ್ಲಿ. ನೊಮೊಸ್‌ನ ಮನೆ ಬೇರೆ. ಅಲ್ಲಿಯ ಮಕ್ಕಳು ಎಕಾನಮಿ, ಆಸ್ಟ್ರಾನಮಿ. ಕಾಲೇಜಿನ ಬೋರ್ಡಿನಲ್ಲಿ ಹೆಸರಿನ ಕೆಳಗೆ ‘ಅಟಾನಮಸ್’ ಅಂತ ಇರುತ್ತದಲ್ಲ, ಅದೂ ಅದೇ ಮನೆಯದು. ತನ್ನ ಕಟ್ಟಳೆ ತಾನೇ ಮಾಡಿಕೊಳ್ಳುವುದು ಅಂತ ಅರ್ಥ. ಸಂಕಿರಣ ನಡೆಸಿದ ಕಾಲೇಜಿನ ಗೇಟಿನ ಮೇಲೂ ಆ ಪದ ಇತ್ತು. ಎಲ್ಲರೂ ಅದರ ಕೆಳಗೇ ಹಾದು ಒಳಗೆ ಬಂದಿದ್ದರು.

ನೊಮೊಸ್‌ನ ಹಿಂದೆ ಇನ್ನೊಂದು ಧಾತು ಇದೆ, ‘ನೆಮೆಯ್ನ್’. ಹಂಚು, ಪಾಲು ಹಾಕು ಅಂತ ಅದರ ಅರ್ಥ. ಅಂದರೆ ಕಟ್ಟಳೆಯ ಬುಡದಲ್ಲಿ ಇರುವ ಪ್ರಶ್ನೆ, ಯಾರಿಗೆ ಎಷ್ಟು? ಅನೋಮಿ ಅರ್ಥವಾಗಬೇಕಾದರೆ ‘ಕಾನೂನು’ ಅನ್ನುವುದಕ್ಕಿಂತ ಈ ‘ಎಷ್ಟು’ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಈಗ ಅರಾಜಕತೆ. ಪತ್ರಿಕೆಯವರಿಗೆ ಪ್ರಿಯವಾದ ಪದ. ರಾಜ ಇಲ್ಲದ ಸ್ಥಿತಿ ಅರಾಜಕತೆ. ಇಂಗ್ಲಿಷಿನ ಅನಾರ್ಕಿಯೂ ಹಾಗೇ, ಆಳುವವನಿಲ್ಲದ್ದು. ಅನೋಮಿಯಲ್ಲಿ ರಾಜ ಇರಬಹುದು, ಪೊಲೀಸು ಇರಬಹುದು, ಕೋರ್ಟೂ ನಡೆಯುತ್ತಿರಬಹುದು. ದಸರಾ ದಿನದ ನೂಕುನುಗ್ಗಲನ್ನು ‘ಅನೋಮಿ’ ಅಂತ ಬರೆದದ್ದನ್ನೂ ಓದಿದ್ದೇನೆ. ಅದು ನೂಕುನುಗ್ಗಲು, ಅಷ್ಟೇ. ಒನ್‌ವೇಯಲ್ಲಿ ಎದುರು ಬರುವ ಬೈಕಿನವನೂ ಅನೋಮಿಗೆ ಉದಾಹರಣೆ ಅಲ್ಲ. ಅವನು ಪೊಲೀಸರು ಇದ್ದಾರಾ ಅಂತ ಆಚೀಚೆ ನೋಡುತ್ತಾನೆ ನೋಡಿ, ಅಲ್ಲೇ ಗೊತ್ತಾಗುತ್ತದೆ, ಅವನಿಗೆ ನಿಯಮ ಚೆನ್ನಾಗಿ ಗೊತ್ತು.

ಅನೋಮಿ ಪದವನ್ನು ಮೊದಲು ಸಮಾಜದ ಚರ್ಚೆಗೆ ತಂದವನು ದುರ್ಖೈಮ್ ಅಲ್ಲ. ಫ್ರಾನ್ಸಿನವನೇ ಆದ ತತ್ವಶಾಸ್ತ್ರಜ್ಞ ಗಯೊ 1885ರಲ್ಲಿ ಬಳಸಿದ್ದ, ಅದೂ ಒಳ್ಳೆಯ ಅರ್ಥದಲ್ಲಿ. ಹೊರಗಿನಿಂದ ಹೇರಿದ ನೀತಿಯ ಹಂಗಿಲ್ಲದೆ ಮನುಷ್ಯ ಬಾಳುವ ದಿನ ಬರುತ್ತದೆ ಅಂತ. ದುರ್ಖೈಮ್ ಅದನ್ನು ತಿರುವಿ ಹಾಕಿದ. 1893ರ ಶ್ರಮವಿಭಜನೆಯ ಪುಸ್ತಕದಲ್ಲಿ ಅವನಿಗೆ ಅದು ರೋಗದ ಹೆಸರು. 1897ರಲ್ಲಿ ಆತ್ಮಹತ್ಯೆಯ ಅಂಕಿಅಂಶ ಹಿಡಿದು ಕೂತಾಗ ಅವನಿಗೆ ಒಂದು ವಿಚಿತ್ರ ಕಂಡಿತು. ವ್ಯಾಪಾರ ಕುಸಿದ ವರ್ಷಗಳಲ್ಲಿ ಸಂಖ್ಯೆ ಏರಿತ್ತು, ಸರಿ. ದಿಢೀರ್ ಸಿರಿ ಬಂದ ವರ್ಷಗಳಲ್ಲೂ ಏರಿತ್ತು. ಬಡತನವೇ ಕಾರಣ ಅನ್ನುವಂತಿರಲಿಲ್ಲ. ಎಷ್ಟು ಆಸೆಪಟ್ಟರೆ ಹದ ಅಂತ ಹೇಳುವ ಅಳತೆಕೋಲೇ ಎರಡೂ ಕಡೆ ಮುರಿದಿತ್ತು.

ಮಂಡ್ಯ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯುವ ಮೇಜು ನೋಡಿರುತ್ತೀರಿ. ನಮ್ಮ ದೊಡ್ಡಪ್ಪ ನಲವತ್ತು ವರ್ಷ ಆ ಮೇಜಿನ ಹಿಂದೆ ಕೂತವರು. ಉದ್ದನೆಯ ಪುಸ್ತಕ, ಮೊದಲ ಪುಟಕ್ಕೆ ಅರಿಶಿನ ಕುಂಕುಮ. ಯಾರ ಮನೆಗೆ ಎಷ್ಟು ಬರೆಸಬೇಕು ಅಂದರೆ ಹಳೇ ಪುಸ್ತಕ ತೆಗೆಯುವುದು. ಅವರು ನಮಗೆ ಐನೂರ ಒಂದು ಬರೆಸಿದ್ದರೆ ಅದರ ಮೇಲೆ ಸ್ವಲ್ಪ ಸೇರಿಸುವುದು. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲರಿಗೂ ಗೊತ್ತಿತ್ತು. ಆಮೇಲೆ ಹೆದ್ದಾರಿ ಬಂತು. ಕೆಲವರ ಜಮೀನಿಗೆ ಪರಿಹಾರ, ಪಕ್ಕದವರ ಜಮೀನಿಗೆ ಸೈಟಿನ ಬೆಲೆ, ಒಳಗಿನವರಿಗೆ ಏನೂ ಇಲ್ಲ. ಹೋದ ವರ್ಷ ಒಂದು ಮದುವೆಯಲ್ಲಿ ಒಬ್ಬರು ಐವತ್ತು ಸಾವಿರ ಬರೆಸಿದರು. ಹಿಂದೆ ನಿಂತಿದ್ದವರು ಐನೂರರ ನೋಟನ್ನು ಮಡಚಿ ಅಂಗೈಯಲ್ಲಿ ಇಟ್ಟುಕೊಂಡರು. ಬಗ್ಗಿ ಮೆಲ್ಲಗೆ, “ಅಣ್ಣ, ಈಗೆಲ್ಲ ಎಷ್ಟು ಬರೆಸ್ತಾರೆ?” ಅಂತ ಕೇಳಿದರು. ದೊಡ್ಡಪ್ಪ ಪೆನ್ನು ಕೆಳಗಿಟ್ಟು, “ನಂಗೂ ಗೊತ್ತಾಯ್ತಿಲ್ಲ ಕಣಪ್ಪ” ಅಂದರು.

ಇದು ಅನೋಮಿ. ಗಲಾಟೆ ಇಲ್ಲ, ಕಳ್ಳತನ ಇಲ್ಲ. ಮೇಜು ಇದೆ, ಪುಸ್ತಕ ಇದೆ. ಆ ಪುಸ್ತಕಕ್ಕೆ ಉತ್ತರ ಗೊತ್ತಿಲ್ಲ.

ಇದಕ್ಕೂ ಅಪರಾಧಕ್ಕೂ ಏನು ಸಂಬಂಧ? ಸಂಬಂಧ ಗಟ್ಟಿ ಮಾಡಿದವನು ಅಮೆರಿಕದ ಸಮಾಜಶಾಸ್ತ್ರಜ್ಞ ಮರ್ಟನ್, 1938ರಲ್ಲಿ. ಅವನ ಕೈಯಲ್ಲಿ ಪದದ ಅರ್ಥ ಸ್ವಲ್ಪ ಜರುಗಿತು. ಗೆಲ್ಲಲೇಬೇಕು ಅಂತ ಸಮಾಜ ಎಲ್ಲರ ಕಿವಿಗೂ ಊದುತ್ತದೆ, ಗೆಲ್ಲುವ ಸರಿಯಾದ ದಾರಿಯನ್ನು ಕೆಲವರಿಗಷ್ಟೇ ಬಿಡುತ್ತದೆ. ಉಳಿದವರು ಏನು ಮಾಡಬೇಕು? ಅವನು ಐದು ಬಗೆ ಹೇಳಿದ. ಐದನ್ನೂ ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಇಲ್ಲಿ ಒಂದು ಸಾಕು. ಗುರಿ ಒಪ್ಪಿಕೊಂಡು ದಾರಿ ಬಿಡುವುದನ್ನು ಅವನು ‘ಇನ್ನೊವೇಷನ್’ ಅಂದ. ಗೈಡಿನವರು ಅದನ್ನು ‘ನಾವೀನ್ಯತೆ’ ಮಾಡಿದರು. ಒಬ್ಬ ಹುಡುಗ ಪರೀಕ್ಷೆಯಲ್ಲಿ ಸ್ಟಾರ್ಟ್‌ಅಪ್‌ಗಳ ಬಗ್ಗೆ ಎರಡು ಪುಟ ಬರೆದಿದ್ದ! ಮರ್ಟನ್ ಕೊಟ್ಟ ಉದಾಹರಣೆ ಗ್ಯಾಂಗ್‌ಸ್ಟರ್ ಅಲ್ ಕಪೋನ್. ನಮ್ಮಲ್ಲಿಯೇ ಬೇಕಾದರೆ 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಇದೆ, ಅಕ್ರಮ ಹೊರಬಂದು ಮರುವರ್ಷ ರದ್ದಾಯಿತಲ್ಲ, ಅದು. ಅಡ್ಡದಾರಿ ಹಿಡಿದವರಿಗೂ ಬೇಕಿದ್ದದ್ದು ಸರ್ಕಾರಿ ಕೆಲಸ, ಖಾಕಿ, ಊರಲ್ಲಿ ಮರ್ಯಾದೆ. ಎಲ್ಲ ಅಪ್ಪ ಅಮ್ಮಂದಿರೂ ಬಯಸುವಂಥದ್ದೇ. ‘ಅಡ್ಡದಾರಿ’ ಅಂತಲೇ ಅನುವಾದ ಮಾಡಿದ್ದರೆ ಆ ಹುಡುಗನಿಗೆ ಅಂಕ ಸಿಗುತ್ತಿತ್ತು.

ಅನೋಮಿ ಇದ್ದಲ್ಲೆಲ್ಲ ಅಪರಾಧ, ಅಪರಾಧ ಇದ್ದಲ್ಲೆಲ್ಲ ಅನೋಮಿ ಅನ್ನುವುದೂ ಸರಿಯಲ್ಲ. ಅಪರಾಧ ಇಲ್ಲದ ಸಮಾಜವೇ ಇಲ್ಲ ಅಂತ 1895ರಲ್ಲಿ ಬರೆದವನು ಇದೇ ದುರ್ಖೈಮ್. ಬರೀ ಸಂತರನ್ನು ಒಂದು ಮಠದಲ್ಲಿ ಇಟ್ಟರೂ, ನಮಗೆ ಲೆಕ್ಕಕ್ಕೇ ಬಾರದ ಸಣ್ಣ ತಪ್ಪು ಅಲ್ಲಿ ದೊಡ್ಡ ಹಗರಣ ಆಗುತ್ತದೆ ಅಂದ. ಇನ್ನು ಜನ ಯಾಕೆ ತಪ್ಪು ಮಾಡುತ್ತಾರೆ ಅನ್ನುವುದನ್ನು ಬಿಟ್ಟು, ಹೆಚ್ಚಿನವರು ಯಾಕೆ ಮಾಡುವುದಿಲ್ಲ ಅಂತ ಕೇಳಿದವನು ಅಮೆರಿಕದ ಅಪರಾಧಶಾಸ್ತ್ರಜ್ಞ ಹಿರ್ಶಿ, 1969ರಲ್ಲಿ. ಅದು ಬೇರೆ ದಿನದ ಮಾತು.

ಕನ್ನಡದಲ್ಲಿ ಏನನ್ನೋಣ? ‘ನಿಯಮರಾಹಿತ್ಯ’ ಬಾಯಿಗೆ ಭಾರ, ಅರ್ಥವೂ ಅರ್ಧ. ‘ಕಟ್ಟುಪಾಡು ಸಡಿಲಾದ ಸ್ಥಿತಿ’ ಅಂದರೆ ಹತ್ತಿರ ಬರುತ್ತದೆ. ನನಗೆ ‘ಹದಗೇಡು’ ಇಷ್ಟ, ‘ಎಷ್ಟು’ ಅನ್ನುವ ಪ್ರಶ್ನೆ ಅದರೊಳಗೇ ಇದೆ. ಬೇಡ ಅನಿಸಿದರೆ ಅನೋಮಿ ಎಂದೇ ಬರೆಯಿರಿ, ನೋ ದೀರ್ಘ. ‘ಅನಾಮಿಕ’ ಅಂದರೆ ನಾನು ಉಂಗುರದ ಬೆರಳು ಅಂದುಕೊಳ್ಳುತ್ತೇನೆ.