ಬ್ಯಾಂಡ್ ಬಂತು ಸರಿ, ಯಾವುದರ ಬ್ಯಾಂಡು?

ಮಂಡ್ಯ ಕಡೆ ರೇಷ್ಮೆ ಸಾಕುವವರನ್ನು ಕೇಳಿ ನೋಡಿ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು ಅನ್ನುತ್ತಾರೆ. ಸುಮಾರು ಒಂದು ವಾರ ಒಂದೇ ಸಮನೆ ಮೇದು, ಆಮೇಲೆ ಹುಳು ಹಣ್ಣಾಗುತ್ತದೆ. ತಿನ್ನುವುದು ನಿಲ್ಲುತ್ತದೆ, ಮೈ ತಿಳಿಯಾಗುತ್ತದೆ, ತಲೆ ಎತ್ತಿ ಆಡಿಸುತ್ತದೆ. ಚಂದ್ರಿಕೆಗೆ ಬಿಟ್ಟರೆ ಗೂಡು ಕಟ್ಟಲು ಶುರು. ಅಷ್ಟೂ ನೂಲು ಬರುವುದು ಹುಳುವಿನ ಮೈಯೊಳಗೆ ಉದ್ದಕ್ಕೆ ಮಡಚಿಕೊಂಡಿರುವ ಎರಡು ಗ್ರಂಥಿಗಳಿಂದ. ಗ್ರಂಥಿಯ ಹಿಂಭಾಗ ಫೈಬ್ರಾಯಿನ್ ಎಂಬ ಪ್ರೋಟೀನನ್ನು ಮಾಡುತ್ತದೆ. ಸೀರೆಯಾಗುವುದು ಅದೇ. ನಡುಭಾಗ ಮಾಡುವುದು ಸೆರಿಸಿನ್ ಎಂಬ ಅಂಟನ್ನು. ಗೂಡನ್ನು ಬಿಸಿನೀರಿಗೆ ಹಾಕಿದಾಗ ಸಡಿಲವಾಗುವುದು ಈ ಅಂಟು.

ಫೈಬ್ರಾಯಿನ್ ಮಾಡುವ ಜೀನ್ ಹಿಂಭಾಗದಲ್ಲಿ ಮಾತ್ರ ಇದೆಯಾ ಅಂದರೆ, ಇಲ್ಲ. ನಡುಭಾಗದಲ್ಲೂ ಇದೆ, ಹುಳುವಿನ ಕರುಳಿನಲ್ಲೂ ಇದೆ, ಚರ್ಮದಲ್ಲೂ ಇದೆ. ಅಲ್ಲೆಲ್ಲ ಅದು ಸುಮ್ನೆ ಕೂತಿದೆ, ಅಷ್ಟೆ. ಎಲ್ಲಿ ಯಾವ ಜೀನ್ ನಡೆಯಬೇಕು ಎನ್ನುವುದನ್ನು ತೀರ್ಮಾನಿಸುವ ಪ್ರೋಟೀನುಗಳು ಬೇರೆ ಇವೆ. ಆದರೆ ಜೀನ್ ನಡೆಯುತ್ತಿದೆಯೋ ಮುಚ್ಚಿದೆಯೋ ಎಂಬುದರ ಗುರುತು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೂ ಬೀಳುತ್ತದೆ. ಆ ಗುರುತನ್ನು ಪ್ರಯೋಗಾಲಯದಲ್ಲಿ ಓದುವುದು ಹೇಗೆ, ಓದಿದ್ದನ್ನು ಎಷ್ಟು ನಂಬಬೇಕು ಎನ್ನುವುದು ಇಲ್ಲಿನ ವಿಷಯ.

ಹಿಸ್ಟೋನ್ ಹಳೆಯ ಪರಿಚಯ. 1884ರಲ್ಲೇ ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಹೆಬ್ಬಾತಿನ ರಕ್ತಕಣಗಳಿಂದ ಅದನ್ನು ಬೇರ್ಪಡಿಸಿದ್ದರು. ಮನುಷ್ಯನ ಒಂದು ಜೀವಕೋಶದ ಡಿಎನ್‌ಎಯನ್ನು ಬಿಡಿಸಿದರೆ ಸುಮಾರು 2 ಮೀಟರ್ ಉದ್ದ. ಅದು ಕಣ್ಣಿಗೆ ಕಾಣದ ಒಂದು ಕೋಶಕೇಂದ್ರದೊಳಗೆ ಹಿಡಿಸಬೇಕು. ಅದಕ್ಕೇ ಎಂಟು ಹಿಸ್ಟೋನುಗಳ ಒಂದೊಂದು ಗುಂಪಿನ ಸುತ್ತ 147 ಅಕ್ಷರದಷ್ಟು ಡಿಎನ್‌ಎ ಸುತ್ತಿಕೊಳ್ಳುತ್ತದೆ. ಈ ಸುರುಳಿಗೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ಹಿಸ್ಟೋನುಗಳ ಬಾಲ ಮಾತ್ರ ಸುರುಳಿಯಿಂದ ಹೊರಗೆ ಚಾಚಿರುತ್ತದೆ. ಗುರುತು ಹೆಚ್ಚಾಗಿ ಬೀಳುವುದು ಆ ಬಾಲದ ಮೇಲೆ.

ಗುರುತು ಅಂದರೆ ಪುಟ್ಟ ರಾಸಾಯನಿಕ ತುಣುಕು. ಅಸಿಟೈಲ್, ಮೀಥೈಲ್, ಫಾಸ್ಫೇಟ್, ಇಂಥವು. ಅಸಿಟೈಲ್ ಅಂಟಿದ ಹಿಸ್ಟೋನಿಗೂ ಜೀನ್ ನಡೆಯುವುದಕ್ಕೂ ಸಂಬಂಧ ಇರಬೇಕೆಂದು ವಿನ್ಸೆಂಟ್ ಆಲ್‌ಫ್ರೀ ಮತ್ತು ಜೊತೆಗಾರರು 1964ರಲ್ಲೇ ಹೇಳಿದರು. ಈಗ ಗೊತ್ತಿರುವ ಕೆಲವನ್ನು ಹೇಳುವುದಾದರೆ, ಎಚ್3 ಎಂಬ ಹಿಸ್ಟೋನಿನ 4ನೇ ಲೈಸಿನ್ (ಪ್ರೋಟೀನಿನ ಸರಪಳಿಯ ಕೊಂಡಿಗಳಾದ ಅಮೈನೋ ಆಮ್ಲಗಳಲ್ಲಿ ಒಂದು, ಸಂಖ್ಯೆ ಅದು ಇರುವ ಸ್ಥಾನ) ಮೇಲೆ ಮೂರು ಮೀಥೈಲ್ ಇದ್ದರೆ ಸಾಮಾನ್ಯವಾಗಿ ಅದು ನಡೆಯುತ್ತಿರುವ ಜೀನಿನ ಆರಂಭ. 27ನೇ ಲೈಸಿನ್ ಮೇಲೆ ಮೂರು ಮೀಥೈಲ್ ಇದ್ದರೆ ಜೀನ್ ಮುಚ್ಚಿದೆ. ಅದೇ 27ರ ಮೇಲೆ ಮೀಥೈಲ್ ಬದಲು ಅಸಿಟೈಲ್ ಇದ್ದರೆ ಕತೆ ಉಲ್ಟಾ. 9ನೇ ಲೈಸಿನ್ ಮೇಲೆ ಮೂರು ಮೀಥೈಲ್ ಇರುವುದು ಗಟ್ಟಿಯಾಗಿ ಮಡಚಿಟ್ಟ ಜಾಗದಲ್ಲಿ. ಗುರುತು ಬಿದ್ದದ್ದರಿಂದ ಜೀನ್ ನಡೆಯಿತೋ, ಜೀನ್ ನಡೆದದ್ದರಿಂದ ಗುರುತು ಬಿತ್ತೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಅದನ್ನು ಇಲ್ಲಿ ಎಳೆಯುವುದು ಬೇಡ.

ಇಷ್ಟು ಚಿಕ್ಕದನ್ನು ನೋಡುವುದು ಹೇಗೆ? ಪ್ರೋಟೀನನ್ನು ತೂಕ ಮಾಡುವ ಯಂತ್ರಗಳಿವೆ, ಮಾಸ್ ಸ್ಪೆಕ್ಟ್ರೋಮೀಟರ್ ಅನ್ನುತ್ತಾರೆ. ಅಲ್ಲೂ ಒಂದು ತೊಡಕು. ಒಂದು ಅಸಿಟೈಲ್ ಅಂಟಿದರೆ 42.011 ಡಾಲ್ಟನ್ (ಅಣುಗಳ ತೂಕದ ಅಳತೆ) ತೂಕ ಏರುತ್ತದೆ. ಮೂರು ಮೀಥೈಲ್ ಅಂಟಿದರೆ 42.047. ಬಹಳ ನಿಖರವಾದ ಯಂತ್ರವೇ ಬೇಕು. ಅದು ದುಬಾರಿ, ಎಲ್ಲ ಕಡೆ ಇರುವುದಿಲ್ಲ. ಹಾಗಾಗಿ ನಿತ್ಯದ ಕೆಲಸಕ್ಕೆ ಹೆಚ್ಚಿನವರು ನೆಚ್ಚಿಕೊಂಡಿರುವುದು ಆಂಟಿಬಾಡಿಯನ್ನು. ಸೋಂಕು ಬಂದಾಗ ವೈರಸ್ಸನ್ನು ಹಿಡಿಯಲು ನಮ್ಮ ರಕ್ತದಲ್ಲಿ ತಯಾರಾಗುತ್ತದಲ್ಲ, ಅದೇ ಆಂಟಿಬಾಡಿ. ಹಿಡಿಯಬೇಕಾದದ್ದು ಮಾತ್ರ ಬೇರೆ.

ಮಾಡುವ ಬಗೆ ಹೀಗೆ. ಹಿಸ್ಟೋನ್ ಬಾಲದ ಒಂದು ತುಂಡನ್ನು, ಹತ್ತಿಪ್ಪತ್ತು ಅಮೈನೋ ಆಮ್ಲದಷ್ಟನ್ನು, ಬೇಕಾದ ಜಾಗದಲ್ಲಿ ಗುರುತು ಸಮೇತ ರಾಸಾಯನಿಕವಾಗಿ ಕಟ್ಟುತ್ತಾರೆ. ಇಷ್ಟು ಚಿಕ್ಕ ತುಂಡನ್ನು ಮೊಲಕ್ಕೆ ಚುಚ್ಚಿದರೆ ಅದರ ದೇಹ ಕ್ಯಾರೇ ಅನ್ನುವುದಿಲ್ಲ. ಮೊಲದ ಹಿಸ್ಟೋನೂ ಹೆಚ್ಚುಕಡಿಮೆ ಅದೇ ತಾನೆ! ಅದಕ್ಕೆ ಒಂದು ಜಾತಿಯ ಸಮುದ್ರದ ಬಸವನಹುಳುವಿನ ರಕ್ತದಿಂದ ತೆಗೆದ ದೊಡ್ಡ ಪ್ರೋಟೀನಿಗೆ ಈ ತುಂಡನ್ನು ಅಂಟಿಸಿ ಚುಚ್ಚುತ್ತಾರೆ. ಪರಕೀಯ ಪ್ರೋಟೀನ್ ಕಂಡು ಮೊಲದ ದೇಹ ಎಚ್ಚೆತ್ತುಕೊಳ್ಳುತ್ತದೆ, ಜೊತೆಗಿರುವ ತುಂಡಿಗೂ ಆಂಟಿಬಾಡಿ ಮಾಡುತ್ತದೆ. ಕೆಲವು ವಾರಗಳ ಮೇಲೆ ರಕ್ತ ತೆಗೆದು, ಗುರುತಿಲ್ಲದ ಬಾಲವನ್ನೂ ಹಿಡಿಯುವ ಆಂಟಿಬಾಡಿಗಳನ್ನು ಸೋಸಿ ಬಿಟ್ಟು, ಉಳಿದದ್ದನ್ನು ಸೀಸೆಗೆ ತುಂಬುತ್ತಾರೆ. (ನಮ್ಮ ದೇಹ ತನ್ನ ಹಿಸ್ಟೋನುಗಳ ವಿರುದ್ಧವೇ ಆಂಟಿಬಾಡಿ ಮಾಡಿಕೊಳ್ಳುವುದೂ ಉಂಟು. ಲೂಪಸ್ ಕಾಯಿಲೆಯಲ್ಲಿ ಇದನ್ನು ಕಾಣುತ್ತಾರೆ.)

ಹಿಸ್ಟೋನುಗಳು ಎಷ್ಟು ಕಡಿಮೆ ಬದಲಾಗಿವೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಎಚ್4 ಹಿಸ್ಟೋನಿನಲ್ಲಿ 102 ಅಮೈನೋ ಆಮ್ಲಗಳು. ಬಟಾಣಿ ಗಿಡದ್ದನ್ನೂ ಹಸುವಿನದನ್ನೂ 1969ರಲ್ಲಿ ಪಕ್ಕಪಕ್ಕ ಇಟ್ಟು ನೋಡಿದಾಗ ಬೇರೆ ಇದ್ದದ್ದು ಎರಡೇ ಎರಡು. ಇದರಿಂದ ನಮ್ಮ ಕಡೆಯ ಪ್ರಯೋಗಾಲಯಗಳಿಗೆ ದೊಡ್ಡ ಅನುಕೂಲ. ಮನುಷ್ಯನ ಜೀವಕೋಶಕ್ಕೆಂದು ಮಾಡಿದ ಆಂಟಿಬಾಡಿಯನ್ನು ರೇಷ್ಮೆ ಹುಳು, ಕಬ್ಬು, ರಾಗಿಯ ಮೇಲೂ ಪ್ರಯತ್ನಿಸಬಹುದು. ರೇಷ್ಮೆ ಗ್ರಂಥಿಯಂತೂ ಈ ಕೆಲಸಕ್ಕೆ ಹೇಳಿ ಮಾಡಿಸಿದ ವಸ್ತು. ಒಂದೇ ಹುಳು, ಒಂದೇ ಗ್ರಂಥಿ, ಹಿಂಭಾಗದಲ್ಲಿ ಫೈಬ್ರಾಯಿನ್ ಜೀನ್ ನಡೆಯುತ್ತಿದೆ, ನಡುಭಾಗದಲ್ಲಿ ಮುಚ್ಚಿದೆ. ಹೋಲಿಸಲು ಬೇರೆಲ್ಲೂ ಹೋಗಬೇಕಿಲ್ಲ.

ಇನ್ನು ಪ್ರಯೋಗದ ಮೇಜಿಗೆ ಬರೋಣ. ಎಲ್ಲಕ್ಕಿಂತ ಸಾಮಾನ್ಯವಾದದ್ದು ವೆಸ್ಟರ್ನ್ ಬ್ಲಾಟ್. ಅಂಗಾಂಶವನ್ನು ಅರೆದು, ನೀರು ಬೆರೆಸಿ ತೆಳುಮಾಡಿದ ಆಮ್ಲದಲ್ಲಿ ನೆನೆಸಿದರೆ ಹಿಸ್ಟೋನ್ ಕರಗಿ ಬರುತ್ತದೆ, ಉಳಿದ ಬಹುಪಾಲು ಪ್ರೋಟೀನ್ ಗಸಿಯಾಗಿ ಕೆಳಗೆ ನಿಲ್ಲುತ್ತದೆ. ಹಿಸ್ಟೋನನ್ನು ಜೆಲ್ ಮೇಲೆ ಓಡಿಸಿ, ತೂಕದ ಪ್ರಕಾರ ಬೇರ್ಪಡಿಸಿ, ಒಂದು ಬಿಳಿ ಪೊರೆಗೆ ಇಳಿಸಿಕೊಳ್ಳುತ್ತಾರೆ. ಹಿಸ್ಟೋನ್ ಚಿಕ್ಕದು. ಪೊರೆಯ ರಂಧ್ರ 0.45 ಮೈಕ್ರೋಮೀಟರ್ ಇದ್ದರೆ ತೂರಿಕೊಂಡು ಹೋಗಿಬಿಡಬಹುದು, ಅದಕ್ಕೆ 0.2ರದ್ದೇ ಒಳ್ಳೆಯದು. ಪೊರೆಯ ಖಾಲಿ ಜಾಗಕ್ಕೆ ಆಂಟಿಬಾಡಿ ಸುಮ್ನೆ ಮೆತ್ತಿಕೊಳ್ಳಬಾರದಲ್ವಾ? ಅದಕ್ಕೆ ಕೆನೆ ತೆಗೆದ ಹಾಲಿನ ಪುಡಿಯನ್ನು ಕದಡಿ ಒಂದು ಗಂಟೆ ಅದರಲ್ಲಿ ಪೊರೆಯನ್ನು ಅಲ್ಲಾಡಿಸುತ್ತಾರೆ. ಫಾಸ್ಫೇಟ್ ಗುರುತು ಹುಡುಕುವಾಗ ಮಾತ್ರ ಹಾಲನ್ನು ಸಾಮಾನ್ಯವಾಗಿ ದೂರ ಇಡುತ್ತಾರೆ. ಹಾಲಿನ ಕೇಸೀನ್‌ನಲ್ಲೇ ಬೇಕಾದಷ್ಟು ಫಾಸ್ಫೇಟ್ ಇದೆ. ಆಮೇಲೆ ಆಂಟಿಬಾಡಿ ಹಾಕಿ ಇಡೀ ರಾತ್ರಿ 4 ಡಿಗ್ರಿ ಕೋಣೆಯಲ್ಲಿ ಬಿಡುವುದು. ಬೆಳಿಗ್ಗೆ ತೊಳೆದು, ಮೊಲದ ಆಂಟಿಬಾಡಿಯನ್ನು ಹಿಡಿಯುವ ಮೇಕೆಯ ಆಂಟಿಬಾಡಿ ಹಾಕುವುದು. ಅದರ ಜೊತೆ ಒಂದು ಕಿಣ್ವ ಇರುತ್ತದೆ. ಸರಿಯಾದ ದ್ರಾವಣ ಕೊಟ್ಟರೆ ಬೆಳಕು ಹೊಮ್ಮುತ್ತದೆ. ಪರದೆಯ ಮೇಲೆ 17 ಕಿಲೋಡಾಲ್ಟನ್ ಹತ್ತಿರ ಕಪ್ಪಗೆ ಒಂದು ಪಟ್ಟಿ ಮೂಡುತ್ತದೆ. ಅದೇ ಬ್ಯಾಂಡ್.

“ಸರ್, ಬ್ಯಾಂಡ್ ಬಂತು!”

“ಬಂತು ಸರಿ. ಯಾವುದರ ಬ್ಯಾಂಡಮ್ಮ ಇದು?”

ಈ ಪ್ರಶ್ನೆಯನ್ನು ಕೇಳದ ಮೇಷ್ಟ್ರಿಗಿಂತ ಕೇಳುವ ಮೇಷ್ಟ್ರು ವಾಸಿ. ಎಚ್3ರ ಬಾಲದಲ್ಲಿ 9ನೇ ಲೈಸಿನ್ನಿನ ಹಿಂದೆ ಅಲನಿನ್ ಮತ್ತು ಆರ್ಜಿನಿನ್ ಎಂಬ ಅಮೈನೋ ಆಮ್ಲಗಳು, ಮುಂದೆ ಸೆರಿನ್. 27ನೇ ಲೈಸಿನ್ನಿನ ಹಿಂದೆಯೂ ಅಲನಿನ್ ಮತ್ತು ಆರ್ಜಿನಿನ್, ಮುಂದೆಯೂ ಸೆರಿನ್. ಕುವೆಂಪುನಗರದಲ್ಲಿ ಒಂದೇ ನಕ್ಷೆಯ ಎರಡು ಮನೆ ಎರಡು ಕ್ರಾಸಿನಲ್ಲಿದ್ದರೆ, ಗೇಟಿನ ಬಣ್ಣ ನೋಡಿಕೊಂಡು ಬಂದವರು ಯಾರ ಮನೆ ಬಾಗಿಲನ್ನಾದರೂ ತಟ್ಟಬಹುದು. 27ಕ್ಕೆಂದು ಕೊಂಡ ಆಂಟಿಬಾಡಿ 9ನ್ನು ಹಿಡಿಯುವುದು ಹೀಗೆ. ಕೆಟ್ಟದ್ದು ಏನೆಂದರೆ, ಎರಡೂ ಇರುವುದು ಒಂದೇ ಪ್ರೋಟೀನಿನ ಮೇಲೆ. ಯಾವುದನ್ನು ಹಿಡಿದರೂ ಬ್ಯಾಂಡ್ ಬರುವುದು ಅದೇ 17ರ ಹತ್ತಿರ. ಬ್ಯಾಂಡ್ ಸರಿಯಾದ ಜಾಗದಲ್ಲೇ ಇದೆ ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಂದು, ಎರಡು, ಮೂರು ಮೀಥೈಲುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದೂ ಇಷ್ಟೇ ಕಷ್ಟ.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಇದೆ. ಜೀವಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ 10ನೇ ಸೆರಿನ್ ಮೇಲೆ ಫಾಸ್ಫೇಟ್ ಕೂರುತ್ತದೆ. ಪಕ್ಕದ 9ರ ಮೇಲಿನ ಮೀಥೈಲ್ ಅಲ್ಲೇ ಇರುತ್ತದೆ, ಆದರೆ ಫಾಸ್ಫೇಟ್ ಅಡ್ಡ ಬಂದು ಎಷ್ಟೋ ಆಂಟಿಬಾಡಿಗಳಿಗೆ ಅದು ಸಿಗುವುದಿಲ್ಲ. ಗುರುತು ಅಳಿಸಿಹೋಯಿತು ಎಂದು ಪ್ರಬಂಧ ಬರೆದುಬಿಟ್ಟರೆ? ಅಳಿಸಿರಲಿಲ್ಲ, ಮರೆಯಾಗಿತ್ತು.

ಈ ಸಮಸ್ಯೆ ಎಷ್ಟು ದೊಡ್ಡದು ಎನ್ನುವುದು 2011ರಲ್ಲಿ ಬಂದ ಒಂದು ಪರೀಕ್ಷೆಯಿಂದ ಗೊತ್ತಾಯಿತು. ಹಲವು ಪ್ರಯೋಗಾಲಯಗಳು ಸೇರಿ 57 ಬಗೆಯ ಹಿಸ್ಟೋನ್ ಗುರುತುಗಳಿಗೆಂದು ಮಾಡಿದ 200ಕ್ಕೂ ಹೆಚ್ಚು ಆಂಟಿಬಾಡಿಗಳನ್ನು ಪರೀಕ್ಷಿಸಿದವು. ಕಾಲು ಭಾಗಕ್ಕಿಂತ ಜಾಸ್ತಿ ಆಂಟಿಬಾಡಿಗಳು ಮೊದಲ ಪರೀಕ್ಷೆಯಲ್ಲೇ ಬಿದ್ದವು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಬೇರೆ ಬೇರೆ ಗುರುತಿನ ಬಾಲದ ತುಂಡುಗಳನ್ನು ಚುಕ್ಕಿ ಚುಕ್ಕಿಯಾಗಿ ಪೊರೆಯ ಮೇಲಿಟ್ಟು ಆಂಟಿಬಾಡಿ ಯಾವುದಕ್ಕೆ ಅಂಟುತ್ತದೆ ಎಂದು ನೋಡುವುದು ರೂಢಿ. ನನಗೆ ಇಷ್ಟವಾಗುವುದು ಈಸ್ಟ್ ಪರೀಕ್ಷೆ. ಬೇಕರಿಯಲ್ಲಿ ಬ್ರೆಡ್ಡಿಗೆ ಹಾಕುವ ಈಸ್ಟ್ ಇದೆಯಲ್ಲ, ಅದರ ಎಚ್3ರಲ್ಲಿ 9ರ ಮೇಲೂ ಮೀಥೈಲ್ ಬೀಳುವುದಿಲ್ಲ, 27ರ ಮೇಲೂ ಬೀಳುವುದಿಲ್ಲ. 9ರದೋ 27ರದೋ ಮೀಥೈಲಿಗೆಂದು ಮಾಡಿದ ಆಂಟಿಬಾಡಿ ಅಲ್ಲಿ ಬ್ಯಾಂಡ್ ತೋರಿಸಿದರೆ ಅದು ಇನ್ನೇನನ್ನೋ ಹಿಡಿದಿದೆ ಎಂದೇ ಅರ್ಥ. ಆದರೆ 9, 27ರ ಗೊಂದಲ ಇದರಿಂದ ಬಗೆಹರಿಯುವುದಿಲ್ಲ, ಎರಡೂ ಇಲ್ಲವಲ್ಲ. ಅದಕ್ಕೆ ಇನ್ನೊಂದು ಈಸ್ಟ್ ಬೇಕು, ಪೂರ್ವ ಆಫ್ರಿಕಾದ ಕಿರುಧಾನ್ಯದ ಬಿಯರಿನಲ್ಲಿ ಮೊದಲು ಸಿಕ್ಕಿದ್ದು. ಅದರಲ್ಲಿ 9ರ ಮೇಲೆ ಮೀಥೈಲ್ ಇದೆ, 27ರ ಮೇಲೆ ಇಲ್ಲ. 27ರ ಆಂಟಿಬಾಡಿ ಅಲ್ಲಿ ಬ್ಯಾಂಡ್ ಕೊಟ್ಟು, 9ಕ್ಕೆ ಮೀಥೈಲ್ ಹಚ್ಚುವ ಜೀನನ್ನೇ ಕಿತ್ತುಹಾಕಿದ ತಳಿಯಲ್ಲಿ ಆ ಬ್ಯಾಂಡ್ ಮಾಯವಾದರೆ, ಕಳ್ಳ ಸಿಕ್ಕಿಬಿದ್ದ. ಎರಡು ಈಸ್ಟಿಗೂ ಖರ್ಚು ಕಮ್ಮಿ. ಈ ಪರೀಕ್ಷೆಗೆ ದುಡ್ಡು ದಂಡ ಅನ್ನುವವರು ಆಮೇಲೆ ಸುರಿಯುವ ದುಡ್ಡು ಇದರ ಎಷ್ಟೋ ಪಟ್ಟು.

ಬ್ಲಾಟ್ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಬಂದರೆ ಮೈಸೂರಿಗೆ ಒಂದು ನಂಟು ಇದೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಎಂಬ ಹಣ್ಣಿನ ನೊಣದ ತಳಿಗಳನ್ನು ಕಾಪಿಡುವ ಕೇಂದ್ರವೇ ಇದೆ. ಈ ನೊಣದ ಮರಿಹುಳುವಿನ ಜೊಲ್ಲು ಗ್ರಂಥಿಯಲ್ಲಿ ಕ್ರೋಮೋಸೋಮುಗಳು ದಪ್ಪಗೆ, ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಹೆಣ್ಣಿಗೆ ಎರಡು ಎಕ್ಸ್ ಕ್ರೋಮೋಸೋಮು, ಗಂಡಿಗೆ ಒಂದೇ. ಆ ಒಂದೇ ಎಕ್ಸ್ ಎರಡರಷ್ಟು ದುಡಿಯಬೇಕು. 1992ರಲ್ಲಿ ಇಂಗ್ಲೆಂಡಿನ ಬ್ರಯಾನ್ ಟರ್ನರ್ ಮತ್ತು ಸಂಗಡಿಗರು ಎಚ್4ರ 16ನೇ ಲೈಸಿನ್ ಮೇಲಿನ ಅಸಿಟೈಲನ್ನು ಹಿಡಿಯುವ ಆಂಟಿಬಾಡಿಯನ್ನು ಇವುಗಳ ಮೇಲೆ ಹಾಕಿದರು. ಗಂಡಿನಲ್ಲಿ ಎಕ್ಸ್ ಉದ್ದಕ್ಕೂ ಬೆಳಗಿತು, ಮಿಕ್ಕವು ಮಂಕಾಗಿದ್ದವು. ಹೆಣ್ಣಿನಲ್ಲಿ ಎಕ್ಸ್ ಹಾಗೆ ಬೆಳಗಲಿಲ್ಲ. ಆಂಟಿಬಾಡಿ ನೆಟ್ಟಗಿದೆಯೋ ಇಲ್ಲವೋ ಎಂಬುದಕ್ಕೆ ಇಷ್ಟು ಚೆಂದದ ಸಾಕ್ಷಿ ಅಪರೂಪ.

ಗುರುತು ಡಿಎನ್‌ಎಯ ಯಾವ ಜಾಗದಲ್ಲಿದೆ ಎಂದು ತಿಳಿಯಬೇಕಾದರೆ ಚಿಪ್ ಎಂಬ ವಿಧಾನ. ಫಾರ್ಮಾಲ್ಡಿಹೈಡ್ ಹಾಕಿ ಹಿಸ್ಟೋನನ್ನೂ ಡಿಎನ್‌ಎಯನ್ನೂ ಬಿಡದಂತೆ ಬೆಸೆದು, ಶಬ್ದತರಂಗದಿಂದ ಚೂರು ಮಾಡಿ, ಆಂಟಿಬಾಡಿಯಿಂದ ಗುರುತಿರುವ ಚೂರುಗಳನ್ನು ಹೊರಗೆಳೆದು, ಅವುಗಳ ಡಿಎನ್‌ಎ ಓದುತ್ತಾರೆ. 2017ರಲ್ಲಿ ಸ್ಟೀವನ್ ಹೆನಿಕಾಫ್ ಅವರ ತಂಡ ಚೂರು ಮಾಡುವ ರಗಳೆಯನ್ನೇ ಬಿಟ್ಟು, ಆಂಟಿಬಾಡಿ ಕೂತ ಜಾಗದಲ್ಲಿ ಮಾತ್ರ ಡಿಎನ್‌ಎ ಕತ್ತರಿಸುವ ದಾರಿ ತೋರಿಸಿತು. ಕಡಿಮೆ ಜೀವಕೋಶ ಇದ್ದರೂ ಸಾಕು. ಆದರೆ ಇವೆಲ್ಲದರಲ್ಲೂ ಬ್ಯಾಂಡ್ ಕಾಣುವುದಿಲ್ಲ. ಕೈಗೆ ಬರುವುದು ಕಂಪ್ಯೂಟರಿನ ಮೇಲಿನ ಏರಿಳಿತದ ಗೆರೆ. ತಪ್ಪು ಆಂಟಿಬಾಡಿಯೂ ಅಂದವಾದ ಗೆರೆಯನ್ನೇ ಕೊಡುತ್ತದೆ.

2015ರ ಹೊತ್ತಿಗೆ ಇದಕ್ಕೆ ಒಂದು ಉಪಾಯ ಬಂತು. ಪ್ರಯೋಗಾಲಯದಲ್ಲಿ ಕಟ್ಟಿದ, ಯಾವ ಗುರುತು ಎಂದು ಖಚಿತವಾಗಿ ಗೊತ್ತಿರುವ ನ್ಯೂಕ್ಲಿಯೋಸೋಮುಗಳನ್ನು ಮಾದರಿಗೇ ಬೆರೆಸುವುದು. ಪ್ರತಿಯೊಂದಕ್ಕೂ ಬೇರೆ ಡಿಎನ್‌ಎ ಸಂಕೇತ ಇರುತ್ತದೆ. ಆಂಟಿಬಾಡಿ ಎಳೆದು ತಂದದ್ದರಲ್ಲಿ ಯಾವ ಸಂಕೇತ ಎಷ್ಟಿದೆ ಎಂದು ಎಣಿಸಿದರೆ ಬಂಡವಾಳ ಬಯಲು. 2018ರಲ್ಲಿ ಇದೇ ಉಪಾಯದಿಂದ 4ನೇ ಲೈಸಿನ್ನಿನ ಮೀಥೈಲಿಗೆಂದು ಎಲ್ಲರೂ ಬಳಸುವ ಆಂಟಿಬಾಡಿಗಳನ್ನು ನೋಡಿದಾಗ, ಎಷ್ಟೋ ಆಂಟಿಬಾಡಿಗಳಿಗೆ ಒಂದು, ಎರಡು, ಮೂರು ಮೀಥೈಲುಗಳ ವ್ಯತ್ಯಾಸ ಸರಿಯಾಗಿ ತಿಳಿಯುತ್ತಿರಲಿಲ್ಲ. ಚುಕ್ಕಿ ಪರೀಕ್ಷೆಯಲ್ಲಿ ಪಾಸಾದದ್ದು ಚಿಪ್‌ನಲ್ಲೂ ಪಾಸಾಗುತ್ತದೆ ಎಂಬ ನಂಬಿಕೆಯೂ ಹೋಯಿತು. ಯಾವ ವಿಧಾನದಲ್ಲಿ ಬಳಸುತ್ತೇವೋ ಆ ವಿಧಾನದಲ್ಲೇ ಪರೀಕ್ಷಿಸಬೇಕು. ಮೊಲದ ರಕ್ತದಿಂದ ಬಂದ ಸೀಸೆಯಾದರೆ ಇನ್ನೂ ಒಂದು ಕೆಲಸ ಇದೆ. ಆ ಮೊಲ ಹೋದ ಮೇಲೆ ಅದೇ ಕ್ಯಾಟಲಾಗ್ ಸಂಖ್ಯೆಯಲ್ಲಿ ಇನ್ನೊಂದು ಮೊಲದ್ದು ಬರುತ್ತದೆ. ಲಾಟ್ ನಂಬರ್ ಬದಲಾದಾಗಲೆಲ್ಲ ಈಸ್ಟಿನಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಬೇಕು.