ಒಂದೇ ವೇಷದ ಗಡ್ಡೆಗಳು

ಎಂಡೋಸ್ಕೋಪಿಯಲ್ಲಿ ಜಠರದ ಗೋಡೆ ಒಂದು ಕಡೆ ಉಬ್ಬಿದ್ದು ಕಾಣುತ್ತದೆ. ಮೇಲಿನ ಪೊರೆಯಿಂದ ಚೂರು ಚಿವುಟಿ ಬಯಾಪ್ಸಿಗೆ ಕಳಿಸುತ್ತಾರೆ. ಏನೂ ತೊಂದರೆ ಇಲ್ಲ ಅಂತ ವರದಿ ಬರುತ್ತದೆ. ವರದಿ ಸುಳ್ಳಲ್ಲ. ಪೊರೆ ಚೆನ್ನಾಗೇ ಇದೆ, ಗಡ್ಡೆ ಇರುವುದು ಅದರ ಕೆಳಗೆ!

ಜಿಸ್ಟ್ ಎಂಬ ಅಪರೂಪದ ಗಡ್ಡೆ ಹೀಗೆ ಆಟ ಆಡಿಸುತ್ತದೆ. ಜಠರದ ಮಾಮೂಲಿ ಕ್ಯಾನ್ಸರ್ ಹುಟ್ಟುವುದು ಒಳಪೊರೆಯಲ್ಲಿ. ಇದು ಹುಟ್ಟುವುದು ಗೋಡೆಯ ಸ್ನಾಯು ಪದರದಲ್ಲಿ. ಹಾಗಾಗಿ ಎಂಡೋಸ್ಕೋಪಿನ ತುದಿಗೆ ಅಲ್ಟ್ರಾಸೌಂಡ್ ಇಟ್ಟು, ನೋಡಿಕೊಂಡೇ ಸೂಜಿ ಚುಚ್ಚಿ ಚೂರು ತೆಗೆಯಬೇಕಾಗುತ್ತದೆ.

ಚೂರು ಸಿಕ್ಕಿತು, ಮುಗೀತಾ? ಇಲ್ಲ. ಮೈಕ್ರೋಸ್ಕೋಪಿನಲ್ಲಿ ಹೆಚ್ಚಾಗಿ ಕಾಣುವುದು ನೂಲುವ ಕದಿರಿನಂಥ ಉದ್ದನೆಯ ಕೋಶಗಳು. ಸ್ನಾಯುವಿನ ಗಡ್ಡೆಯೂ ಹಾಗೇ, ನರದ ಕವಚದ ಗಡ್ಡೆಯೂ ಹಾಗೇ, ಡೆಸ್ಮಾಯ್ಡ್ ಎಂಬ ನಾರು ಅಂಗಾಂಶದ ಗಡ್ಡೆ ಕೂಡ ಹೆಚ್ಚುಕಡಿಮೆ ಹಾಗೇ. ಎಷ್ಟೋ ವರ್ಷ ಜಿಸ್ಟ್‌ಗಳನ್ನು ಸ್ನಾಯುವಿನ ಗಡ್ಡೆ ಎಂದೇ ಬರೆಯುತ್ತಿದ್ದರು. ಅವರನ್ನು ದೂರುವಂತಿಲ್ಲ, ಕಣ್ಣಿಗೆ ಕಾಣುವುದೇ ಅಷ್ಟು.

1998ರಲ್ಲಿ ಜಪಾನಿನ ವಿಜ್ಞಾನಿಗಳು ಈ ಗಡ್ಡೆಗಳಲ್ಲಿ ಕಿಟ್ ಎಂಬ ಜೀನ್ ಕೆಟ್ಟಿರುವುದನ್ನು ತೋರಿಸಿದರು. ಈ ಜೀನ್ ತಯಾರಿಸುವ ಪ್ರೋಟೀನ್ ಕೋಶದ ಮೇಲಿರುವ ಸ್ವಿಚ್ಚಿನ ಹಾಗೆ. ಹೆಚ್ಚಿನ ಜಿಸ್ಟ್‌ಗಳಲ್ಲಿ ಈ ಸ್ವಿಚ್ ಆನ್ ಆಗಿಯೇ ಸಿಕ್ಕಿಹಾಕಿಕೊಂಡಿರುತ್ತದೆ, ಕೋಶ ಸುಮ್ನೆ ಬೆಳೆಯುತ್ತಾ ಹೋಗುತ್ತದೆ. ಕರುಳಿನ ಚಲನೆಗೆ ತಾಳ ಹಾಕುವ ಕಹಾಲ್ ಕೋಶಗಳ ಮೇಲೂ ಇದೇ ಪ್ರೋಟೀನ್ ಇದೆ. ಜಿಸ್ಟ್ ಆ ಕೋಶಗಳ ವಂಶದ್ದು ಎನ್ನುವುದಕ್ಕೆ ಇದೂ ಒಂದು ಸುಳಿವು.

ಆಗ ಪೆಥಾಲಜಿಸ್ಟ್‌ಗಳ ಕೈಗೆ ಸಿಡಿ117 ಎಂಬ ಪರೀಕ್ಷೆ ಸಿಕ್ಕಿತು. ಕಿಟ್ ಪ್ರೋಟೀನ್ ಇದ್ದರೆ ಚೂರು ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಇದನ್ನೇ ಪೂರ್ತಿ ನಂಬಿ ಕೂರುವ ಹಾಗಿಲ್ಲ. ನೂರರಲ್ಲಿ ಸುಮಾರು 5 ಜಿಸ್ಟ್‌ಗಳಲ್ಲಿ ಬಣ್ಣ ಹತ್ತುವುದಿಲ್ಲ. ಇನ್ನೊಂದು ಕಡೆ, ಚರ್ಮದಿಂದ ಹೊಟ್ಟೆಗೆ ಹರಡಿದ ಮೆಲನೋಮಾ ಎಂಬ ಕ್ಯಾನ್ಸರಿಗೆ ಹತ್ತಿಬಿಡಬಹುದು! ಅದಕ್ಕೇ ಡಾಗ್1 ಎಂಬ ಇನ್ನೊಂದು ಪರೀಕ್ಷೆ. ನಾಯಿಗೂ ಇದಕ್ಕೂ ಸಂಬಂಧವಿಲ್ಲ, ಜಿಸ್ಟ್‌ನಲ್ಲಿ ಪತ್ತೆಯಾಯಿತು ಎನ್ನುವುದರ ಇಂಗ್ಲಿಷ್ ಮೊದಲಕ್ಷರಗಳು ಅವು.

ಹೆಸರಿಗಾಗಿ ಇಷ್ಟೊಂದು ಒದ್ದಾಟ ಯಾಕೆ ಅಂತೀರಾ? ಮಾಮೂಲಿ ಕೀಮೋಗೆ ಜಿಸ್ಟ್ ಬಗ್ಗುವುದೇ ಕಡಿಮೆ. ಆದರೆ ರಕ್ತದ ಕ್ಯಾನ್ಸರಿಗೆ ತಂದ ಇಮ್ಯಾಟಿನಿಬ್ ಮಾತ್ರೆ ಕಿಟ್ ಸ್ವಿಚ್ಚನ್ನೇ ಆಫ್ ಮಾಡುತ್ತದೆ. 2000ದಲ್ಲಿ ಫಿನ್ಲೆಂಡಿನ ಒಬ್ಬ ರೋಗಿಗೆ ಇದನ್ನು ಕೊಟ್ಟಾಗ ಗಡ್ಡೆಗಳು ಕುಗ್ಗಿದವು. 2002ರಲ್ಲಿ ಅಮೆರಿಕ ಜಿಸ್ಟ್‌ಗೂ ಇದಕ್ಕೆ ಒಪ್ಪಿಗೆ ಕೊಟ್ಟಿತು. ಈಗ ಮಾತ್ರೆ ಬರೆಯುವ ಮುಂಚೆ ಜೀನ್ ಎಲ್ಲಿ ಕೆಟ್ಟಿದೆ ಎಂದೂ ನೋಡುತ್ತಾರೆ. ಪಿಡಿಜಿಎಫ್‌ಆರ್‌ಎ ಎಂಬ ಇನ್ನೊಂದು ಜೀನಿನ ಒಂದು ನಿರ್ದಿಷ್ಟ ಜಾಗ ಕೆಟ್ಟಿದ್ದರೆ, ಈ ಮಾತ್ರೆಯೂ ನಾಟುವುದಿಲ್ಲ.